ಹಾಡದೆ ಕೂತ ಎಸ್‌ಪಿಬಿ

ಸೂತಕಕ್ಕೆ ನಮ್ಮ ಕಡೆ ಖಚಿತವಾದ ಲೆಕ್ಕವಿದೆ. ದಾಯಾದಿಗಳಾದರೆ ಇಷ್ಟು ದಿನ, ಹೆಣ್ಣು ಕೊಟ್ಟ ಮನೆಯವರಾದರೆ ಇಷ್ಟು, ಬರೀ ಊರಿನವರಾದರೆ ಮಣ್ಣು ಮಾಡಿ ಬಂದು ತಲೆ ಮೇಲೆ ಒಂದು ಚೊಂಬು ನೀರು ಹುಯ್ದುಕೊಂಡರೆ ಮುಗಿಯಿತು. ಅನುಮಾನ ಬಂದರೆ ಕೇಳುವುದಕ್ಕೆ ಊರಿಗೊಬ್ಬಳು ಅಜ್ಜಿ ಇದ್ದೇ ಇರುತ್ತಾಳೆ. ಆದರೆ ವಾರವಾರ ಟೀವಿಯಲ್ಲಿ ಕಂಡವರು ತೀರಿಕೊಂಡರೆ ಎಷ್ಟು ದಿನ ಅನ್ನುವುದು ಯಾವ ಅಜ್ಜಿಗೂ ಗೊತ್ತಿಲ್ಲ. ಹಾಗಾಗಿ 2020ರ ಸೆಪ್ಟೆಂಬರ್ 25ರ ಶುಕ್ರವಾರ ನಮ್ಮಮ್ಮ ತಾನೇ ಒಂದು ಶಾಸ್ತ್ರ ಮಾಡಿಕೊಂಡಳು. ರಾತ್ರಿ ಸಾರಿಗೆ ಒಗ್ಗರಣೆ ಹಾಕಲಿಲ್ಲ.

ಅಪ್ಪ ಮುದ್ದೆ ಮುರಿದು ಸಾರಿಗದ್ದಿ ಬಾಯಿಗಿಟ್ಟುಕೊಂಡವರು, "ಉಪ್ಸಾರೇನೇ ಇವತ್ತು?" ಅಂದರು.

"ಉಪ್ಸಾರಲ್ಲ. ಟೀವಿ ನೋಡ್ನಿಲ್ವಾ ನೀವು?"

ಅಪ್ಪ ಮಾತಾಡದೆ ಉಂಡು ಎದ್ದರು. ಟೀವಿ ಅವರೂ ನೋಡಿದ್ದರು. ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಎಲ್ಲ ಚಾನೆಲ್ಲುಗಳಲ್ಲೂ ಬರುತ್ತಿದ್ದದ್ದು ಅದೊಂದೇ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಚೆನ್ನೈನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. 74 ವರ್ಷ.

ಅವತ್ತು ಎಲ್ಲರೂ ಅತ್ತರು, ಆದರೆ ಒಬ್ಬನೇ ಎಸ್‌ಪಿಬಿಗಲ್ಲ. ಅಣ್ಣತಮ್ಮಂದಿರು ಜಮೀನು ಭಾಗ ಮಾಡಿಕೊಂಡ ಹಾಗೆ, ಒಂದೊಂದು ವಯಸ್ಸಿನವರಿಗೆ ಒಬ್ಬೊಬ್ಬ ಎಸ್‌ಪಿಬಿ ಪಾಲಿಗೆ ಬಂದಿದ್ದರು. ಅಪ್ಪನ ಪಾಲಿಗೆ 1984ರ 'ಬಂಧನ'ದ, ವಿಷ್ಣುವರ್ಧನ್ ಗಂಟಲಿನ ಎಸ್‌ಪಿಬಿ. ಚಿಕ್ಕಪ್ಪನ ಪಾಲಿಗೆ 1987ರ 'ಪ್ರೇಮಲೋಕ'; ಆ ಕ್ಯಾಸೆಟ್ಟಿನ ಟೇಪು ಸಿಕ್ಕಿಹಾಕಿಕೊಂಡಾಗಲೆಲ್ಲ ಪೆನ್ಸಿಲ್ ತೂರಿಸಿ ಸುತ್ತಿ ಸುತ್ತಿ, ಕೊನೆಗೆ ಹಂಸಲೇಖರ ತಾಳವೇ ಬೇರೆ ವೇಗಕ್ಕೆ ಇಳಿದುಹೋಗಿತ್ತು. ನನ್ನ ಪಾಲಿಗೆ ಬಂದದ್ದು ಇವರಿಬ್ಬರಿಗೂ ಗೊತ್ತಿಲ್ಲದ ಒಬ್ಬರು. ಈಟೀವಿ ಕನ್ನಡದಲ್ಲಿ 'ಎದೆ ತುಂಬಿ ಹಾಡುವೆನು' ಅಂತ ಬರುತ್ತಿತ್ತಲ್ಲ, ಅದರಲ್ಲಿ ಕೂತು ಮಕ್ಕಳ ಹಾಡು ಕೇಳುತ್ತಿದ್ದ, ಮೈಕೈ ತುಂಬಿಕೊಂಡ, ನಗುಮೊಗದ ಒಬ್ಬ ಹಿರಿಯರು. ಅವರನ್ನು ನಾನು ಮೇಷ್ಟ್ರು ಅಂದುಕೊಂಡಿದ್ದೆ. ಒಂದು ದಿನ ಯಾವುದೋ ಹುಡುಗಿಗೆ ಸಾಲು ತೋರಿಸಿಕೊಡಲು ಅವರೇ ಎರಡು ಸಾಲು ಹಾಡಿದರು. "ಪರ್ವಾಗಿಲ್ಲ, ಈ ಮೇಷ್ಟ್ರಿಗೂ ಹಾಡೋಕೆ ಬತ್ತದೆ" ಅಂದೆ. ಚಿಕ್ಕಪ್ಪ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿ ಬಂದ. ಅಂಥ ಮಾತು ಕೇಳಿದ ಮೇಲೆ ಮನುಷ್ಯರ ಜೊತೆ ಕೂರುವುದು ಕಷ್ಟ ಅನ್ನಿಸಿರಬೇಕು.

ನಮ್ಮೂರು ಹೊಳೆನರಸೀಪುರ ತಾಲ್ಲೂಕಿನಲ್ಲಿ, ಹಳ್ಳಿ ಮೈಸೂರಿನ ಮಗ್ಗುಲಿಗಿದೆ. ಹಳ್ಳಿ ಮೈಸೂರು ಅಂದರೆ ಹೊಸಬರು ನಗುತ್ತಾರೆ. ಅರಮನೆ ಇಲ್ಲ, ದಸರಾ ಇಲ್ಲ. ಹೋಬಳಿ ಕೇಂದ್ರ ಅನ್ನುವ ಗತ್ತು ಮಾತ್ರ ಇದೆ. ಈ ಸೀಮೆಯಲ್ಲಿ ಟೀವಿ ನೋಡುವುದೇ ಒಂದು ಸಾಹಸ. ಇದರಲ್ಲಿ ಒಂದು ತಮಾಷೆ ಅಡಗಿದೆ. ಹಾಸನದಲ್ಲಿ 1982ರಿಂದ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ನಮ್ಮವರ ಬಾಯಲ್ಲಿ ಬರೀ ಎಂಸಿಎಫ್. ಬಸ್ಸಿನಲ್ಲಿ ಸಾಲಗಾಮೆ ರಸ್ತೆಗೆ ಹೋದರೆ ಆಕಾಶಕ್ಕೆ ಮುಖ ಮಾಡಿದ ಬಿಳೀ ದೊಡ್ಡ ಆಂಟೆನಾಗಳು ಕಾಣುತ್ತವೆ. ದೆಹಲಿಯ ದೂರದರ್ಶನ ಅಸ್ಸಾಮಿಗೂ ಅಂಡಮಾನಿಗೂ ಮುಟ್ಟುವುದಕ್ಕೆ ಕಾರಣವಾದ ಇನ್ಸಾಟ್ ಉಪಗ್ರಹಗಳ ಲಗಾಮು ಇದ್ದದ್ದು ಇಲ್ಲಿ. ಮೂವತ್ತಾರು ಸಾವಿರ ಕಿಲೋಮೀಟರ್ ಮೇಲಿದ್ದ ಉಪಗ್ರಹ ಹಾಸನದವರ ಮಾತು ಕೇಳುತ್ತಿತ್ತು. ನಮ್ಮ ಮನೆ ಮಾಳಿಗೆಯ ಮೇಲಿನ ಆಂಟೆನಾ ಕೇಳುತ್ತಿರಲಿಲ್ಲ. ಅಪ್ಪ ಮೇಲೆ ಹತ್ತಿ ತಿರುಗಿಸುವುದು, ಅಮ್ಮ ಅಂಗಳದಲ್ಲಿ ನಿಂತು, "ಬಂತು... ಬಂತು... ಓಯ್ತು" ಅನ್ನುವುದು, ಕೆಳಗೆ ಪರದೆ ತುಂಬ ಸೊಳ್ಳೆ. ಕೇಬಲ್ ಬಂದ ಮೇಲೆ ಸೊಳ್ಳೆ ಹೋಯಿತು, ಕರೆಂಟು ಹೋಗುವುದು ಉಳಿಯಿತು. ಅದು ಹೋಗುತ್ತಿದ್ದದ್ದು ಯಾವಾಗಲೂ ಹಾಡಿನ ಎರಡನೇ ಚರಣದಲ್ಲಿ. ಹಾಗಾಗಿ ನನ್ನ ಕಾಲದ ಎಷ್ಟೋ ಹಾಡುಗಳು ನನಗೆ ಒಂದೂವರೆ ಚರಣ ಮಾತ್ರ ಗೊತ್ತು.

ಈಟೀವಿ ಕನ್ನಡ ಶುರುವಾದದ್ದು 2000ದ ಡಿಸೆಂಬರ್‌ನಲ್ಲಿ. ತೆಲುಗಿನಲ್ಲಿ ಅದೇ ಈಟೀವಿಗೆ ಎಸ್‌ಪಿಬಿ 1996ರಿಂದಲೇ 'ಪಾಡುತಾ ತೀಯಗಾ' ನಡೆಸಿಕೊಡುತ್ತಿದ್ದರು. ಅದರ ಕನ್ನಡದ ತಂಗಿ ನಮ್ಮ 'ಎದೆ ತುಂಬಿ ಹಾಡುವೆನು'. ಈಗಿನ ಸ್ಪರ್ಧೆಗಳ ಲೆಕ್ಕದಲ್ಲಿ ನೋಡಿದರೆ ಅದರಲ್ಲಿ ಏನೂ ಇರಲಿಲ್ಲ. ಮಗು ಬಂದು ನಿಲ್ಲುವುದು, ಹಿಂದೆ ವಾದ್ಯದವರು, ಎದುರಿಗೆ ಎಸ್‌ಪಿಬಿ. ಮಗು ಹಾಡುವುದು, ಇವರು ಕೇಳುವುದು. ಮಗುವಿನ ಅಪ್ಪ ಸಾಲ ಮಾಡಿದ ಕಥೆಗೆ ಪಿಟೀಲು ಬಾರಿಸುತ್ತಿರಲಿಲ್ಲ, ಹೊಗೆ ಬಿಡುತ್ತಿರಲಿಲ್ಲ, ಅಂಕ ಹೇಳುವ ಮುಂಚೆ ಜಾಹೀರಾತಿಗೆ ಹೋಗಿ ನಮ್ಮ ಜೀವ ಹಿಂಡುತ್ತಿರಲಿಲ್ಲ.

ಅವರು ಕೇಳುತ್ತಿದ್ದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಪಲ್ಲವಿ ಶುರುವಾಗುತ್ತಿದ್ದಂತೆ ತಲೆ ಒಂಚೂರು ಬಲಕ್ಕೆ ವಾಲುತ್ತಿತ್ತು. ಕಣ್ಣು ಅರ್ಧ ಮುಚ್ಚುತ್ತಿತ್ತು. ಒಳ್ಳೆಯ ಸಂಗತಿ ಬಂದರೆ ಗಲ್ಲ ಮೊದಲು ನಗುತ್ತಿತ್ತು, ತುಟಿ ಆಮೇಲೆ. ಮಗು ಶ್ರುತಿ ಬಿಟ್ಟ ಕಡೆ ಹುಬ್ಬಿನ ನಡುವೆ ಕೂದಲೆಳೆಯಷ್ಟು ಗೆರೆ ಮೂಡಿ, ಮಗು ನೋಡುವಷ್ಟರಲ್ಲಿ ಅಳಿಸಿಹೋಗುತ್ತಿತ್ತು. ಅಮ್ಮ ಆ ಗೆರೆಗೇ ಕಾದಿರುತ್ತಿದ್ದಳು. "ನೋಡು, ಎಲ್ಲೋ ತಪ್ತು" ಅನ್ನುತ್ತಿದ್ದಳು. ಅಮ್ಮನಿಗೆ ಶ್ರುತಿ ಅಂದರೆ ಏನೆಂದು ಗೊತ್ತಿರಲಿಲ್ಲ. ಎಸ್‌ಪಿಬಿಯ ಹುಬ್ಬು ಗೊತ್ತಿತ್ತು. ಅಷ್ಟರಿಂದಲೇ ಯಾವ ಮಗು ಗೆಲ್ಲುತ್ತದೆಂದು ಸರಿಯಾಗಿ ಹೇಳುತ್ತಿದ್ದಳು.

ಹಾಡು ಮುಗಿದ ಮೇಲೆ ಮೊದಲು ಹೊಗಳಿಕೆ. ಆಮೇಲೆ ಆ ಹಾಡು ಬರೆದವರು ಯಾರು, ರಾಗ ಹಾಕಿದವರು ಯಾರು, ರೆಕಾರ್ಡಿಂಗ್ ದಿನ ಏನು ನಡೆಯಿತು, ಕೊಳಲು ನುಡಿಸಿದವರು ಯಾರು. ಚಿ. ಉದಯಶಂಕರ್, ಎಂ. ರಂಗರಾವ್, ರಾಜನ್-ನಾಗೇಂದ್ರ ಈ ಹೆಸರುಗಳೆಲ್ಲ ನನ್ನ ಕಿವಿಗೆ ಬಿದ್ದದ್ದು ಅಲ್ಲಿ. ಅದೆಲ್ಲ ಆದ ಮೇಲೆ, ಊಟದ ಕೊನೆಗೆ ಮಜ್ಜಿಗೆ ಬಡಿಸಿದಷ್ಟು ಸಲೀಸಾಗಿ, ತಪ್ಪು. ಇಲ್ಲಿ ಉಸಿರು ಬೇಗ ತೆಗೆದುಕೊಂಡೆ, ಅಲ್ಲಿ ಹಕಾರ ಅಕಾರ ಆಯಿತು, ಅಂತ. ಈ ಕೊನೆಯದು ಬಂದಾಗ ನಮ್ಮ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹಾಸನವನ್ನು ಆಸ್ನ ಅಂತಲೇ ಅನ್ನುವ ಜಿಲ್ಲೆ ನಮ್ಮದು. ಆಂಧ್ರದ ಕಡೆಯಿಂದ ಬಂದವರು ನಮ್ಮ ಮಕ್ಕಳಿಗೆ ಕನ್ನಡದ ಹಕಾರ ತಿದ್ದುತ್ತಿದ್ದರು, ಮಕ್ಕಳು ಖುಷಿಯಿಂದ ತಿದ್ದಿಸಿಕೊಳ್ಳುತ್ತಿದ್ದವು.

ಅದೇ ಕಾಲಕ್ಕೆ ಸರ್ಕಾರಿ ಶಾಲೆಗಳಲ್ಲಿ ಪ್ರತಿಭಾ ಕಾರಂಜಿ ಶುರುವಾಗಿತ್ತು. ಮೊದಲು ಕ್ಲಸ್ಟರ್, ಆಮೇಲೆ ತಾಲ್ಲೂಕು, ಆಮೇಲೆ ಜಿಲ್ಲೆ. ಕ್ಲಸ್ಟರ್ ಮಟ್ಟದಲ್ಲಿ ತೀರ್ಪುಗಾರರು ಅಂದರೆ ಪಕ್ಕದೂರಿನ ಶಾಲೆಯ ಮೇಷ್ಟ್ರು. ಗಣಿತದವರು, ಸಮಾಜದವರು, ಯಾರು ಬಿಡುವಾಗಿದ್ದರೋ ಅವರು. ಮೊದಲೆಲ್ಲ ಅವರ ತೀರ್ಪು ಸರಳವಾಗಿತ್ತು: ಜೋರಾಗಿ ಹಾಡಿದವನು ಫಸ್ಟು, ಮರೆತವನು ಕುಂಡೆ ತಟ್ಟಿಕೊಂಡು ಮನೆಗೆ. 'ಎದೆ ತುಂಬಿ ಹಾಡುವೆನು' ಬಂದದ್ದೇ ಅವರ ಗತ್ತು ಬದಲಾಯಿತು. ನಮ್ಮ ಕ್ಲಸ್ಟರಿಗೆ ಬರುತ್ತಿದ್ದ ಒಬ್ಬ ಮೇಷ್ಟ್ರು, ತರಗತಿಯಲ್ಲಿ ಕಿವಿ ಹಿಂಡುವುದರಲ್ಲಿ ಹೆಸರುವಾಸಿ, ಒಂದು ವರ್ಷ ಇದ್ದಕ್ಕಿದ್ದಂತೆ ತಲೆ ಬಲಕ್ಕೆ ವಾಲಿಸಿ ಕೂತರು. ನಾನು ಭಾವಗೀತೆ ಶುರುಮಾಡಿದೆ. ಕಣ್ಣು ಅರ್ಧ ಮುಚ್ಚಿದರು. ಮೇಷ್ಟ್ರಿಗೆ ಏನೋ ಆಗಿದೆ ಅಂತ ಭಯವಾಗಿ ನನಗೆ ಎರಡನೇ ಸಾಲು ಮರೆತುಹೋಯಿತು. ಕಿವಿಗೆ ಕೈ ಬರಲಿಲ್ಲ. "ಚೆನ್ನಾಗಿ ಹಾಡ್ದೆ ಮಗಾ. ಆದ್ರೆ ಶ್ರುತಿ ಒಸಿ ಆ ಕಡೆ ಈ ಕಡೆ ಆಯ್ತು" ಅಂದರು. ಶಾಲೆಯಲ್ಲಿ ಶ್ರುತಿಪೆಟ್ಟಿಗೆ ಇರಲಿಲ್ಲ. ಯಾವ ಕಡೆ, ಎಲ್ಲಿಂದ ಅಂತ ನಾನೂ ಕೇಳಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಬಹುಮಾನ ಬರಲಿಲ್ಲ. ಆದರೂ ಒಂದು ಗಂಟೆ ಕಾಲ ಆ ಶಾಲೆಯ ಜಗಲಿಯ ಮೇಲೆ ಹತ್ತಿಪ್ಪತ್ತು ಮಕ್ಕಳು ಹೆದರದೆ ಹಾಡಿದವು. ಟೀವಿಯಿಂದ ಹಳ್ಳಿಗೆ ಏನೇನೋ ಬಂತು ಅಂತ ಬೈಯುತ್ತಾರೆ, ಬೈಯಲಿ. ಕಿವಿ ಹಿಂಡುವ ಕೈಯನ್ನು ಮಡಿಲಲ್ಲಿ ಕೂರಿಸಿದ್ದೂ ಅದೇ ಟೀವಿ.

ಸಂಗೀತ ಗೊತ್ತಿದ್ದವರು ನಮ್ಮ ಕಡೆ ಇರಲಿಲ್ಲ ಅಂತಲ್ಲ. ನಮ್ಮ ಪಕ್ಕದ ಅರಕಲಗೂಡು ತಾಲ್ಲೂಕಿನಲ್ಲೇ ರುದ್ರಪಟ್ಟಣ ಇದೆ. ಕಾವೇರಿ ದಡದ ಸಂಕೇತಿಗಳ ಊರು. ಆರ್.ಕೆ. ಶ್ರೀಕಂಠನ್ ಅವರು ಹುಟ್ಟಿದ್ದು ಅಲ್ಲಿ, 1920ರಲ್ಲಿ. 94ರ ವಯಸ್ಸಿನವರೆಗೂ ಬದುಕಿದ್ದವರು. ರುದ್ರಪಟ್ಟಣಂ ಸಹೋದರರು ಅಲ್ಲಿಯವರು. ಆರ್.ಕೆ. ಪದ್ಮನಾಭ ಅವರು ಊರಿಗೆ ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಧ್ಯಾನ ಮಂದಿರವನ್ನೇ ಕಟ್ಟಿಸಿದ್ದಾರೆ. ಒಂದೇ ಊರಿನಿಂದ ಅಷ್ಟು ವಿದ್ವಾಂಸರು ಬಂದರೆ ಅಕ್ಕಪಕ್ಕದ ಊರಿನವರಿಗೆ ಹಾಡುವ ಧೈರ್ಯ ಎಲ್ಲಿಂದ ಬರಬೇಕು? ಆ ಕಡೆಯಿಂದ ನಮ್ಮೂರಿಗೆ ಬಂದು ನೆಲೆಸಿದ್ದ ಒಬ್ಬ ಟೀಚರಮ್ಮ ಸಿನಿಮಾ ಹಾಡು ಕೇಳಿದರೆ ಕಿಟಕಿ ಹಾಕಿಕೊಳ್ಳುತ್ತಿದ್ದರು. 'ಎದೆ ತುಂಬಿ ಹಾಡುವೆನು' ಬರುವ ಹೊತ್ತಿಗೆ ಮಾತ್ರ ಮಜ್ಜಿಗೆ ಹೆಪ್ಪಿನ ನೆಪ ಮಾಡಿಕೊಂಡು ನಮ್ಮ ಮನೆಗೆ ಬರುವರು. ಹೆಪ್ಪು ಸಿಕ್ಕರೂ ಹೋಗುತ್ತಿರಲಿಲ್ಲ. "ಈ ಮನುಷ್ಯ ಶಾಸ್ತ್ರೀಯ ಕಲ್ತೇ ಇಲ್ವಂತೆ. 'ಶಂಕರಾಭರಣ'ಕ್ಕೆ ಹಾಡಿ ರಾಷ್ಟ್ರಪ್ರಶಸ್ತಿ ತಗೊಂಡ್ರಲ್ಲ, ಹೇಗಮ್ಮ?" ಅಂತ ಅಮ್ಮನನ್ನು ಕೇಳುವರು, ಅಮ್ಮನೇ ಪ್ರಶಸ್ತಿ ಕೊಟ್ಟವಳೇನೋ ಅನ್ನುವ ಥರ. ಆ ಪ್ರಶ್ನೆಗೆ ಉತ್ತರ ಅವರ ಎದುರಿಗೇ ನಡೆಯುತ್ತಿತ್ತು. ಕಲಿಯದ ಮನುಷ್ಯ ಕೇಳಿ ಕೇಳಿಯೇ ಕಲಿತಿದ್ದರು. ಅದಕ್ಕೇ ಏಳು ವರ್ಷದ ಮಗು ಹಾಡಿದರೂ ಆ ಕಿವಿ ಹಾಗೆ ನೆಟ್ಟಗಾಗುತ್ತಿತ್ತು. 1995ರ 'ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ'ಗೆ ಅವರು ಹಿಂದೂಸ್ತಾನಿ ಹಾಡಿ ಕನ್ನಡಕ್ಕೂ ಒಂದು ರಾಷ್ಟ್ರಪ್ರಶಸ್ತಿ ತಂದದ್ದು ಟೀಚರಮ್ಮನಿಗೆ ಗೊತ್ತಿತ್ತು. ಅದನ್ನು ಮಾತ್ರ ಕಿಟಕಿ ತೆರೆದೇ ಕೇಳುತ್ತಿದ್ದರೆಂದು ನನ್ನ ಗುಮಾನಿ.

ಎಸ್‌ಪಿಬಿಗೆ ಮಕ್ಕಳ ಸ್ಪರ್ಧೆಯ ಮೇಲೆ ಅಷ್ಟು ಅಕ್ಕರೆ ಯಾಕೆಂದು ಆಮೇಲೆ ತಿಳಿಯಿತು. ಅವರೇ ಸ್ಪರ್ಧೆಯಲ್ಲಿ ಸಿಕ್ಕಿದ ಮಗು. ಹರಿಕಥೆ ಮಾಡುತ್ತಿದ್ದ ಸಾಂಬಮೂರ್ತಿಗಳ ಮಗ ಎಂಜಿನಿಯರಿಂಗ್ ಓದಲು ಹೋಗಿ, ಮದರಾಸಿನ ಒಂದು ಹಾಡಿನ ಸ್ಪರ್ಧೆಯಲ್ಲಿ ಸಂಗೀತ ನಿರ್ದೇಶಕ ಎಸ್.ಪಿ. ಕೋದಂಡಪಾಣಿಯವರ ಕಣ್ಣಿಗೆ ಬಿದ್ದರು. ಕಣ್ಣಿಗೆ ಅಂದೆ, ಕಿವಿಗೆ ಅನ್ನಬೇಕು. ಕೋದಂಡಪಾಣಿಯವರೇ 1966ರ ಡಿಸೆಂಬರಿನಲ್ಲಿ ತೆಲುಗಿನಲ್ಲಿ ಮೊದಲ ಹಾಡು ಹಾಡಿಸಿದರು; ಅದಾದ ಕೆಲವೇ ದಿನಕ್ಕೆ ಎಂ. ರಂಗರಾವ್ ಕನ್ನಡದ 'ನಕ್ಕರೆ ಅದೇ ಸ್ವರ್ಗ'ಕ್ಕೆ ಹಾಡಿಸಿದರು. ಮುಂದೆ ಎಸ್‌ಪಿಬಿ ಸ್ಟುಡಿಯೋ ಕಟ್ಟಿಸಿದಾಗ ಅದಕ್ಕಿಟ್ಟ ಹೆಸರು ಕೋದಂಡಪಾಣಿ. ತನ್ನನ್ನು ಒಬ್ಬರು ಕೂತು ಕೇಳಿದ ಸಾಲವನ್ನು ಅವರು ನಮ್ಮ ಮಕ್ಕಳಿಗೆ ತೀರಿಸುತ್ತಿದ್ದರು. ಬಡ್ಡಿ ಸಮೇತ.

ಅಪ್ಪನ ಬಳಿ ಒಂದು ಒಗಟಿತ್ತು. ಮನೆಗೆ ಬಂದ ನೆಂಟರಿಗೆಲ್ಲ ಕಾಫಿಗೆ ಮುಂಚೆ ಅದನ್ನು ಹಾಕುತ್ತಿದ್ದರು. "ತೆರೆ ಮೇಲೆ ಎಸ್ಪಿಬಿ ತುಟಿ ಆಡಿಸ್ತರೆ, ಹಾಡ್ತಿರೋರು ಎಸ್ಪಿಬಿ ಅಲ್ಲ. ಯಾರು?" ನೆಂಟರು ಸೋಲುತ್ತಿದ್ದರು. 1993ರ 'ಮುದ್ದಿನ ಮಾವ'ದಲ್ಲಿ ಎಸ್‌ಪಿಬಿ ಮಾವನ ಪಾತ್ರ ಮಾಡಿದ್ದರು. ಅವರಿಗೆ ದನಿ ಕೊಟ್ಟವರು ಡಾ. ರಾಜ್‌ಕುಮಾರ್. ಒಂದೇ ದಿನ, 1981ರ ಫೆಬ್ರವರಿ 8ರಂದು, ಬೆಂಗಳೂರಿನಲ್ಲಿ ಉಪೇಂದ್ರಕುಮಾರ್ ಅವರಿಗೆ 21 ಹಾಡು ಹಾಡಿದ ಮನುಷ್ಯ, ತನ್ನ ಮುಖಕ್ಕೇ ಬೇರೆಯವರ ದನಿ ಕೂರಿಸಿಕೊಂಡು ಸುಮ್ಮನಿದ್ದರಲ್ಲ! ಅಪ್ಪನಿಗೆ ಅದು ರಾಜಣ್ಣನ ದೊಡ್ಡಸ್ತಿಕೆಯ ಕಥೆ. ನನಗೆ ಮಾತ್ರ ಅಲ್ಲೂ ಕಾಣಿಸುವುದು, ಹಾಡು ನಡೆಯುವಾಗ ಹಾಡದೆ ಕೂತ ನನ್ನ ಮೇಷ್ಟ್ರೇ.

ಇನ್ನು 2020ರ ಆ ಆಗಸ್ಟು. ಅದನ್ನು ಬೇಗ ಹೇಳಿ ಮುಗಿಸುತ್ತೇನೆ. 5ನೇ ತಾರೀಖು ಆಸ್ಪತ್ರೆ ಸೇರಿದಾಗ ಅವರೇ ವಿಡಿಯೋ ಮಾಡಿ, ಸ್ವಲ್ಪ ನೆಗಡಿ ಜ್ವರ, ಗಾಬರಿಯಾಗಬೇಡಿ, ಫೋನ್ ಮಾಡಬೇಡಿ ಅಂದಿದ್ದರು. ಅಮ್ಮ ನಿಜಕ್ಕೂ ಗಾಬರಿಯಾಗಲಿಲ್ಲ. ಆಮೇಲೆ ವೆಂಟಿಲೇಟರ್, ಎಕ್ಮೊ. ರಾಗದ ಹೆಸರು ಒಂದೂ ನೆನಪಿಟ್ಟುಕೊಳ್ಳದ ಅಮ್ಮ ಎಕ್ಮೊ ಅಂದರೇನೆಂದು ಓಣಿಯವರಿಗೆಲ್ಲ ವಿವರಿಸುವ ಹಾಗಾದಳು. ಎಸ್‌ಪಿಬಿ ಮಗ ಚರಣ್ ಹೇಳುವ ಸುದ್ದಿಗೆ ಕಾದು ಕೂರುವುದು. ಆಗಸ್ಟ್ 20ರ ಸಂಜೆ 6 ಗಂಟೆಗೆ ಎಲ್ಲರೂ ಅವರ ಹಾಡು ಹಾಕಿ ಪ್ರಾರ್ಥಿಸೋಣ ಎಂದು ತಮಿಳು ಚಿತ್ರರಂಗದವರು ಕರೆ ಕೊಟ್ಟರು. ನಮ್ಮ ಮನೆಯಲ್ಲೂ ಹಾಕಿದೆವು. ಯಾವ ಹಾಡು ಅನ್ನುವುದಕ್ಕೆ ಅಪ್ಪನಿಗೂ ಚಿಕ್ಕಪ್ಪನಿಗೂ ಜಗಳವಾಗಿ, 6 ದಾಟಿ ಕಾಲು ಗಂಟೆಯಾಗಿತ್ತು. ಸೆಪ್ಟೆಂಬರ್ ಮೊದಲಲ್ಲಿ ಕೊರೊನಾ ನೆಗೆಟಿವ್ ಬಂತು ಅಂದಾಗ ಪಾಯಸ ಮಾಡಿದ್ದಳು ಅಮ್ಮ. ಆ ಪಾಯಸದ ಮೇಲೆ ಅವಳಿಗೆ ಈಗಲೂ ಸಿಟ್ಟಿದೆ.

ಮಕ್ಕಳ ಕಾರ್ಯಕ್ರಮದವರು ತೀರಿಕೊಂಡರೆ ಬೆಳೆದವರು ಯಾಕೆ ಹೀಗೆ ಅಳುತ್ತಾರೆ ಅನ್ನುವುದು ನಮ್ಮೊಬ್ಬರ ಪ್ರಶ್ನೆಯೇನಲ್ಲ. ಅಮೆರಿಕದಲ್ಲಿ ಫ್ರೆಡ್ ರೋಜರ್ಸ್ ಅಂತ ಒಬ್ಬರಿದ್ದರು. 1968ರಿಂದ 2001ರವರೆಗೆ ಮಕ್ಕಳಿಗಾಗಿ ಟೀವಿಗೆ ಬಂದವರು. ಬರುತ್ತಿದ್ದಂತೆ ಕೋಟು ಬಿಚ್ಚಿ ಸ್ವೆಟರ್ ಹಾಕಿಕೊಂಡು, ಬೂಟು ಕಳಚಿ ಕ್ಯಾನ್ವಾಸ್ ಶೂ ಕಟ್ಟಿಕೊಂಡು, ಆಮೇಲೆ ನಿಧಾನಕ್ಕೆ ಮಾತು. 2003ರಲ್ಲಿ ಅವರು ಹೋದಾಗ ನರೆತ ತಲೆಯವರು ಅತ್ತರಂತೆ. ಅಲ್ಲಿರುವ ನನ್ನ ಸೋದರಮಾವನ ಮಗಳು ಇದನ್ನು ಹೇಳಿ, "ನಿಮ್ಮ ಎಸ್ಪಿಬಿ ಥರಾನೇ ಕಣೋ, ಆದ್ರೆ ಇವ್ರು ಸಣ್ಣ" ಅಂದಳು. ಎರಡೂ ಕಡೆ ಒಂದೇ ಕಾರಣ ಅನ್ನಿಸುತ್ತದೆ: ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲದ ಹೊತ್ತಿನಲ್ಲಿ ಒಬ್ಬ ದೊಡ್ಡ ಮನುಷ್ಯನಿಗೆ ಪುರುಸೊತ್ತಿತ್ತು. 2024ರ ಜುಲೈನಲ್ಲಿ ಅಪರ್ಣಾ ತೀರಿಕೊಂಡಾಗಲೂ ಅಮ್ಮನ ಕೈ ಒಗ್ಗರಣೆ ಸೌಟಿನ ಮೇಲೆ ಒಂದು ಗಳಿಗೆ ನಿಂತಿತು. ದೂರದರ್ಶನದ ಆ ಅಚ್ಚ ಕನ್ನಡದ ನಿರೂಪಕಿ ಮಕ್ಕಳಿಗೆಂದೇ ಮಾತಾಡಿದವರಲ್ಲ. ಮಕ್ಕಳು ಪಕ್ಕದಲ್ಲೇ ಕೂತು ಕೇಳಿದ್ದೆವು, ಅಷ್ಟೆ. ಹಾಸನದ ಬಸ್ಸಿನಲ್ಲಿ ಹೋಗಿ ಬೆಂಗಳೂರಿನ ಬಾಗಿಲಲ್ಲೇ ಇಳಿದು ಮೆಟ್ರೋ ಹತ್ತುವ ನಮ್ಮವರಿಗೆ ಮುಂದಿನ ನಿಲ್ದಾಣ ಯಾವುದೆಂದು ಹೇಳುತ್ತಿದ್ದದ್ದೂ ಅವರೇ.

ಎಸ್‌ಪಿಬಿ ಹೋದಾಗ ನಿಜವಾದ ಸೂತಕ ತಟ್ಟಿದ್ದು ಆರ್ಕೆಸ್ಟ್ರಾದವರಿಗೆ. ನಮ್ಮ ಜಿಲ್ಲೆಯಲ್ಲಿ ತಾಲ್ಲೂಕಿಗೊಬ್ಬ ಜೂನಿಯರ್ ಎಸ್‌ಪಿಬಿ ಇದ್ದಾನೆ. ಹಾಸನದವನು ಪ್ಯಾಂಟು ಕೋಟಿನವನು. ಅರಕಲಗೂಡಿನವನು ಹೊಗೆಸೊಪ್ಪು ಹದ ಮಾಡುವ ಕಾಲದಲ್ಲಿ ಸಿಗುವುದಿಲ್ಲ. ನರಸೀಪುರದವನಿಗೂ ಪಟ್ಟಣದವನಿಗೂ, ಅಂದರೆ ಚನ್ನರಾಯಪಟ್ಟಣದವನಿಗೂ, ಮಾತುಕತೆ ಇಲ್ಲ. ಒಬ್ಬ ಗಣಪತಿ ಕಾರ್ಯಕ್ರಮಕ್ಕೆ ಹೇಳಿದ ರೇಟನ್ನು ಇನ್ನೊಬ್ಬ ಮುರಿದ ಎಂದು ಶುರುವಾದ ಜಗಳ. ಆ ವರ್ಷ ಕೊರೊನಾದಿಂದ ಗಣಪತಿ ಪೆಂಡಾಲಿಗೇ ಕಳೆ ಇರಲಿಲ್ಲ, ಆರ್ಕೆಸ್ಟ್ರಾ ಎಲ್ಲಿಂದ? ಕೀಬೋರ್ಡಿನವನು ತರಕಾರಿ ಮಾರುತ್ತಿದ್ದ, ಡ್ರಮ್ಮಿನವನು ತೋಟದಲ್ಲಿ ಕಾಯಿ ಸುಲಿಯುತ್ತಿದ್ದ. ಅಂಥ ಹೊತ್ತಿನಲ್ಲಿ ಅಸಲಿಯೇ ಹೋದರೆ ನಕಲಿಗಳ ಗತಿ? ಪಟ್ಟಣದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಫೋಟೋ, ಒಂದು ಹಾರ, ಮಾಸ್ಕು ಹಾಕಿಕೊಂಡ ಸ್ವಲ್ಪ ಜನ. ಜೂನಿಯರ್ ಎಸ್‌ಪಿಬಿ ಹಾಡಬೇಕು ಅಂತ ಎಲ್ಲರೂ ಬಲವಂತ ಮಾಡಿದರಂತೆ. ಮೈಕು ಹಿಡಿದವನು ಮಾಸ್ಕು ಇಳಿಸಿ, ಮತ್ತೆ ಏರಿಸಿಕೊಂಡು, "ಆಗಲ್ಲ ಬುಡ್ರಣ್ಣ" ಅಂತ ಕೆಳಗಿಟ್ಟನಂತೆ. ಆಮೇಲೆ ಮೊಬೈಲಿನಲ್ಲಿ ಎಸ್‌ಪಿಬಿ ಹಾಡನ್ನೇ ಹಾಕಿ ಮೈಕಿಗೆ ಹಿಡಿದರಂತೆ. ಆತ ನನ್ನ ಜೊತೆ ಪಿಯುಸಿ ಓದಿದವನು. ನರಸೀಪುರದವನೂ ಬಂದು ಹಿಂದೆ ನಿಂತಿದ್ದ ಅಂತ ಅವನಿಂದಲೇ ತಿಳಿಯಿತು. ಮಾತಾಡಿಸಿದೆಯಾ ಅಂದೆ. "ಸಾವಿನ ಮನೇಲಿ ರೇಟಿನ ಮಾತು ಯಾಕೆ ಅಂತ ಸುಮ್ನಾದೆ" ಅಂದ.

2021ರಲ್ಲಿ 'ಎದೆ ತುಂಬಿ ಹಾಡುವೆನು' ಮತ್ತೆ ಬಂತು, ಕಲರ್ಸ್ ಕನ್ನಡದಲ್ಲಿ. ಗುರುಕಿರಣ್, ರಾಜೇಶ್ ಕೃಷ್ಣನ್, ಹರಿಕೃಷ್ಣ, ರಘು ದೀಕ್ಷಿತ್ ಕೂತಿದ್ದರು. ಒಬ್ಬರು ಕೂತು ಕೇಳುತ್ತಿದ್ದ ಜಾಗಕ್ಕೆ ನಾಲ್ಕು ಜನ ಬೇಕಾಯಿತು ಅಂತ ಅಮ್ಮ ಲೆಕ್ಕ ಹಾಕಿದಳು. ಹಾಡು ಚೆನ್ನಾಗಿದ್ದವು. ಆದರೆ ಅಮ್ಮನಿಗೆ ಯಾರ ಹುಬ್ಬು ನೋಡಬೇಕೆಂದು ತಿಳಿಯದೆ, ಯಾರು ಗೆಲ್ಲುತ್ತಾರೆಂದು ಹೇಳಲಾಗಲಿಲ್ಲ.

ಊರಹಬ್ಬಗಳೆಲ್ಲ ಮತ್ತೆ ಶುರುವಾದ ಮೇಲೆ ಒಂದು ದಿನ ಪಟ್ಟಣದ ಜೂನಿಯರ್ ಫೋನು ಮಾಡಿದ. ಹೊಸ ಫ್ಲೆಕ್ಸು ಮಾಡಿಸುತ್ತಿದ್ದಾನಂತೆ. ಸೀನಿಯರ್ ಇಲ್ಲದ ಮೇಲೆ ಹೆಸರಿನ ಹಿಂದೆ ಜೂನಿಯರ್ ಇರಬೇಕೋ ಬೇಡವೋ ಎಂದು ಅವನ ತಂಡದಲ್ಲಿ ಎರಡು ಪಕ್ಷವಾಗಿತ್ತು.

"ನೀನೇನಂತೀಯಪ್ಪ? ನೀನು ಬರ್ಯೋನು, ಹೇಳು."

ನಿನ್ನ ಮನಸ್ಸಿನಲ್ಲಿ ಏನಿದೆ ಅಂದೆ.

"ಇರ್ಲಿ ಅಂತದೆ ಮನ್ಸು. ತೆಗೆದ್ರೆ ಬರೀ ಎಸ್ಪಿಬಿ ಅಂತ ಉಳ್ಕತದೆ. ಅಷ್ಟು ಭಾರ ಯಾರ್ ಹೊರ್ತರೆ? ಜೂನಿಯರ್ ಅಂತಿದ್ರೆ ಒಂದೆರಡು ಕಡೆ ಶ್ರುತಿ ಬುಟ್ರೂ ಜನ ಹೊಟ್ಟೆಗಾಕ್ಕತರೆ."

ಸರಿ ಇಟ್ಟುಕೋ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದಂಗೆ ನಿಮ್ಮೂರ ಹಬ್ಬಕ್ಕೆ ಯಾವ ಆರ್ಕೆಸ್ಟ್ರಾ ಹೇಳಿದೀರ?" ಅಂದ. ನರಸೀಪುರದವನಿಗೆ ಅಡ್ವಾನ್ಸ್ ಕೊಟ್ಟಾಗಿತ್ತು. ಸಿಗ್ನಲ್ ಸರಿಯಿಲ್ಲ ಅಂತ ಹೇಳಿ ಫೋನ್ ಇಟ್ಟೆ.